ಸುಕ್ಕಿಗೆ ಸೂಜಿ: ಯಾವ ಗೆರೆಗೆ ಯಾವ ಇಂಜೆಕ್ಷನ್, ಯಾರ ಕೈಯಲ್ಲಿ, ಯಾವಾಗ

‘ಬೊಟಾಕ್ಸ್ ಹಾಕಿಸಿಕೊಂಡರೆ ಸುಕ್ಕು ಹೋಗುತ್ತಂತೆ, ಹೌದಾ?’ ಎಂದು ಈಗ ಸಿನಿಮಾ ಮಂದಿ ಮಾತ್ರ ಕೇಳುವುದಿಲ್ಲ. ಶಾಲೆಯ ಟೀಚರ್, ಬ್ಯಾಂಕ್ ಮ್ಯಾನೇಜರ್, ಮಗಳ ಮದುವೆ ಗೊತ್ತು ಮಾಡಿಕೊಂಡ ತಾಯಿ, ನಿವೃತ್ತಿಗೆ ಇನ್ನೂ ನಾಲ್ಕೈದು ವರ್ಷ ಇರುವ ಗಂಡಸರು, ಎಲ್ಲರೂ ಕೇಳುತ್ತಾರೆ. ಅವರನ್ನು ತಿರುಗಿ ಕೇಳಬೇಕಾದ ಪ್ರಶ್ನೆ ಒಂದಿದೆ: ಯಾವ ಸುಕ್ಕು? ಹುಬ್ಬಿನ ನಡುವಿನ ಗೆರೆಗೆ ಹಿಡಿಯುವ ಮದ್ದು ಮೂಗಿನಿಂದ ಬಾಯಿಗಿಳಿಯುವ ಮಡಿಕೆಗೆ ಹಿಡಿಯುವುದಿಲ್ಲ. ಮಡಿಕೆಗೆ ತುಂಬುವ ಜೆಲ್, ಬಿಸಿಲಿಗೆ ಬೆಂದು ಸಣ್ಣಗೆ ಸುಕ್ಕಿದ ಚರ್ಮಕ್ಕೆ ಉಪಯೋಗಕ್ಕೆ ಬಾರದು. ದುಡ್ಡು ಸುರಿದು ‘ಏನೂ ಆಗಲಿಲ್ಲ’ ಎಂದು ಬೇಸರಪಡುವ ಅನೇಕರ ಕಥೆ ಇಷ್ಟೇ. ಮದ್ದು ಸರಿಯಾಗಿಯೇ ಇತ್ತು, ಗೆರೆ ಅದರದ್ದಾಗಿರಲಿಲ್ಲ.

ಚರ್ಮದೊಳಗೆ ಆಗುವುದೇನು

ಹೊರಗೆ ಕಾಣುವ ತೆಳುಪದರದ ಕೆಳಗಿರುವ ಒಳಚರ್ಮವೇ ಮುಖಕ್ಕೆ ಬಿಗಿ ಕೊಡುವುದು. ಅಲ್ಲಿ ಕೊಲಾಜೆನ್ ಎಂಬ ಗಟ್ಟಿ ನಾರು ಇದೆ, ಎಳೆದು ಬಿಟ್ಟರೆ ಮತ್ತೆ ಸ್ವಸ್ಥಾನಕ್ಕೆ ಬರುವ ಎಲಾಸ್ಟಿನ್ ಇದೆ, ಇವುಗಳ ನಡುವೆ ನೀರನ್ನು ಹಿಡಿದಿಡುವ ಹೈಲುರಾನಿಕ್ ಆಸಿಡ್ ಇದೆ. ಇಪ್ಪತ್ತು ದಾಟಿದ ಮೇಲೆ ಕೊಲಾಜೆನ್ ವರ್ಷಕ್ಕೆ ಸುಮಾರು ಶೇ 1ರಷ್ಟು ಇಳಿಯುತ್ತ ಹೋಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲಿನ ಮೊದಲ ಐದು ವರ್ಷಗಳಲ್ಲೇ ಸುಮಾರು ಶೇ 30ರಷ್ಟು ಹೋಗಿಬಿಡುತ್ತದೆ. ‘ಎರಡೇ ವರ್ಷಕ್ಕೆ ಮುಖ ಇಳಿದುಹೋಯ್ತು’ ಎಂದು ಐವತ್ತರ ಆಸುಪಾಸಿನವರು ಹೇಳುವುದನ್ನು ಮನೆಯವರು ನಗೆಯಾಡಿ ತಳ್ಳಿಹಾಕಬಾರದು. ಅವರು ಕಂಡದ್ದು ನಿಜ.

ಇದು ವಯಸ್ಸಿನ ಪಾಲು. ಬಿಸಿಲಿನ ಪಾಲು ಇದಕ್ಕಿಂತ ದೊಡ್ಡದು. ಬಿಸಿಲಿನಲ್ಲಿರುವ ಅಲ್ಟ್ರಾವಯೊಲೆಟ್ ಎ ಕಿರಣ ಒಳಚರ್ಮದವರೆಗೂ ಇಳಿದು ಕೊಲಾಜೆನ್ ನಾರನ್ನು ಕಡಿಯುತ್ತದೆ. ಕಿಟಕಿ ಗಾಜು ಇದನ್ನು ಪೂರ್ತಿ ತಡೆಯುವುದಿಲ್ಲ. 2012ರಲ್ಲಿ ಅಮೆರಿಕದ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಒಬ್ಬ ಟ್ರಕ್ ಡ್ರೈವರ್ ಫೋಟೊ ಪ್ರಕಟಿಸಿತ್ತು. ವಯಸ್ಸು 69, ಗಾಡಿ ಓಡಿಸಿದ್ದು 28 ವರ್ಷ. ಕಿಟಕಿಯ ಕಡೆಗಿದ್ದ ಎಡಗೆನ್ನೆ ಆಳ ಸುಕ್ಕುಗಳಿಂದ ಜೋತುಬಿದ್ದಿತ್ತು, ಬಲಗೆನ್ನೆ ಅದಕ್ಕಿಂತ ಎಷ್ಟೋ ಎಳೆಯದಾಗಿ ಕಾಣುತ್ತಿತ್ತು. ಒಂದೇ ಮುಖ, ಒಂದೇ ವಯಸ್ಸು. ನಮ್ಮಲ್ಲಿ ಸ್ಟೀರಿಂಗ್ ಬಲಕ್ಕಿರುವುದರಿಂದ ದಿನವೂ ಕಾರು, ಬಸ್ಸು ಓಡಿಸುವವರು ತಮ್ಮ ಬಲಗೆನ್ನೆಯನ್ನೊಮ್ಮೆ ನೋಡಿಕೊಳ್ಳಲಿ. ಬೀಡಿ, ಸಿಗರೇಟು ಈ ಹಾನಿಯನ್ನು ಇನ್ನೂ ಬೇಗ ಮಾಡಿಸುತ್ತವೆ.

ಮೂರನೆಯ ಕಾರಣ ನಮ್ಮ ಮುಖಭಾವ. ಕೈಕಾಲಿನ ಸ್ನಾಯುಗಳು ಮೂಳೆಯನ್ನು ಎಳೆದರೆ ಮುಖದ ಸ್ನಾಯುಗಳು ನೇರವಾಗಿ ಚರ್ಮವನ್ನೇ ಎಳೆಯುತ್ತವೆ. ನಕ್ಕಾಗ, ಹುಬ್ಬು ಗಂಟಿಕ್ಕಿದಾಗ, ಬಿಸಿಲಿಗೆ ಕಣ್ಣು ಕಿರಿದು ಮಾಡಿದಾಗ ಚರ್ಮ ಅದೇ ಜಾಗದಲ್ಲಿ ಮಡಿಚುತ್ತದೆ. ಕಾಗದವನ್ನು ಒಂದೇ ಗುರುತಿನಲ್ಲಿ ಮತ್ತೆ ಮತ್ತೆ ಮಡಿಚಿದರೆ ಬಿಡಿಸಿಟ್ಟ ಮೇಲೂ ಗೆರೆ ಉಳಿಯುತ್ತದಲ್ಲ, ಹಾಗೆ. ಇವೆಲ್ಲದರ ಜೊತೆಗೆ ಕೆನ್ನೆಯ ಕೊಬ್ಬು ತೆಳುವಾಗುತ್ತದೆ, ದವಡೆಯ ಮತ್ತು ಕಣ್ಣುಗೂಡಿನ ಮೂಳೆಯೂ ನಿಧಾನವಾಗಿ ಸವೆಯುತ್ತದೆ. ಆಧಾರ ಕುಗ್ಗಿದ ಚರ್ಮ ಕೆಳಗಿಳಿದು ಮಡಿಕೆಯಾಗುತ್ತದೆ.

ನಮ್ಮ ಚರ್ಮದಲ್ಲಿ ಮೆಲನಿನ್ ಎಂಬ ಬಣ್ಣದ ಅಂಶ ಹೆಚ್ಚಿರುವುದರಿಂದ ಬಿಳಿಯರಿಗಿಂತ ಸುಕ್ಕು ತಡವಾಗಿ ಬರುತ್ತದೆ. ನಮಗೆ ಮೊದಲು ಬರುವುದು ಬಂಗು, ಕಣ್ಣ ಸುತ್ತಿನ ಕಪ್ಪು, ಅಲ್ಲಲ್ಲಿ ಕಲೆ. ಇಲ್ಲಿ ಹೇಳುವ ಯಾವ ಇಂಜೆಕ್ಷನ್ನೂ ಬಂಗನ್ನು ಮುಟ್ಟುವುದಿಲ್ಲ. ‘ವಯಸ್ಸಾದಂತೆ ಕಾಣ್ತೀನಿ’ ಎಂಬ ನಿಮ್ಮ ಕೊರಗಿಗೆ ಕಾರಣ ಬಣ್ಣವೋ ಗೆರೆಯೋ ಎಂದು ಮೊದಲು ತೀರ್ಮಾನವಾಗಲಿ.

ಹಂತ 1: ಕನ್ನಡಿ ಮುಂದೆ ಐದು ನಿಮಿಷ

ಮೇಕಪ್ ಇಲ್ಲದ ಮುಖ, ಹಗಲಿನ ಬೆಳಕು, ಕಿಟಕಿಯ ಪಕ್ಕ ಒಂದು ಕೈಗನ್ನಡಿ. ಬಾತ್‌ರೂಮಿನ ಲೈಟ್ ಬೇಡ, ಮೇಲಿಂದ ಬೀಳುವ ಬೆಳಕು ಇಲ್ಲದ ನೆರಳನ್ನೂ ತೋರಿಸುತ್ತದೆ.

ಮೊದಲು ಮುಖವನ್ನು ಸಡಿಲ ಬಿಟ್ಟು ಸುಮ್ಮನೆ ನೋಡಿ. ಆಮೇಲೆ ಹುಬ್ಬು ಮೇಲೇರಿಸಿ, ಗಂಟಿಕ್ಕಿ, ಜೋರಾಗಿ ನಗಿ. ಸುಮ್ಮನಿದ್ದಾಗ ಇಲ್ಲದೆ ಹೀಗೆ ಮಾಡಿದಾಗಷ್ಟೇ ಮೂಡುವ ಗೆರೆಗಳು ಸ್ನಾಯುವಿನವು. ಹಣೆಯ ಅಡ್ಡಗೆರೆ, ಹುಬ್ಬಿನ ನಡುವೆ ನಿಲ್ಲುವ ಎರಡು ಉದ್ದಗೆರೆ, ಕಣ್ಣಿನ ಹೊರಮೂಲೆಯಿಂದ ಹರಡುವ ಗೆರೆಗಳು ಈ ಜಾತಿಗೆ ಸೇರಿದವು. ಇವು ಸ್ನಾಯುವನ್ನು ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್‌ನ ಕ್ಷೇತ್ರ.

ಈಗ ಮಂಚದ ಮೇಲೆ ಅಂಗಾತ ಮಲಗಿ ಕನ್ನಡಿಯನ್ನು ಮುಖದ ಮೇಲೆ ಹಿಡಿಯಿರಿ. ಮೂಗಿನ ಪಕ್ಕದಿಂದ ಬಾಯಿಯ ಮೂಲೆಗೆ ಇಳಿಯುವ ಮಡಿಕೆ ಮಲಗಿದಾಗ ಅರ್ಧದಷ್ಟು ಮಾಯವಾಯಿತೇ? ಹಾಗಿದ್ದರೆ ಅದು ಕೆನ್ನೆ ಕುಗ್ಗಿ ಇಳಿದದ್ದರ ಗುರುತು. ಫಿಲ್ಲರ್, ಅಂದರೆ ಕುಗ್ಗಿದಲ್ಲಿ ತುಂಬುವ ಜೆಲ್ ಬಗ್ಗೆ ಯೋಚಿಸಬಹುದಾದ ಜಾಗ ಇದು.

ಕೊನೆಗೆ ಕೆನ್ನೆ ಮತ್ತು ಕಣ್ಣಿನ ಕೆಳಭಾಗವನ್ನು ಹತ್ತಿರದಿಂದ ನೋಡಿ. ಬಲೆಯಂತೆ ಅಡ್ಡಾದಿಡ್ಡಿ ಸಣ್ಣ ಗೆರೆಗಳು, ಒರಟು ಮೇಲ್ಮೈ, ಕಲೆ ಇದ್ದರೆ ಅದು ಬಿಸಿಲಿನ ಕೆಲಸ. ಇದಕ್ಕೆ ಕ್ರೀಮು, ಮೇಲ್ಪದರ ಸುಲಿಸುವ ಪೀಲ್, ಲೇಸರ್‌ನಂಥ ದಾರಿಗಳಿವೆ. ಸೂಜಿಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಸಾಮಾನ್ಯವಾಗಿ ಒಂದೇ ಮುಖದಲ್ಲಿ ಮೂರೂ ಬೆರೆತಿರುತ್ತವೆ, ಆದರೆ ನಿಮ್ಮನ್ನು ಕಾಡುತ್ತಿರುವುದು ಯಾವುದು ಎಂದು ಗೊತ್ತಿದ್ದರೆ ಡಾಕ್ಟರ್ ಎದುರು ಮಾತು ಚಿಕ್ಕದಾಗುತ್ತದೆ, ಬಿಲ್ಲೂ ಸಹ.

ಹಂತ 2: ಸೂಜಿಗೆ ಮೊದಲು ಒಂದಿಷ್ಟು ತಿಂಗಳು ಇದನ್ನು ಮಾಡಿ

ಸನ್‌ಸ್ಕ್ರೀನ್. ಕೇಳಿ ಕೇಳಿ ಬೇಜಾರಾಗಿರಬಹುದು, ಆದರೆ ಸುಕ್ಕನ್ನು ತಡೆಯುತ್ತದೆ ಎಂದು ಜನರನ್ನು ವರ್ಷಗಟ್ಟಲೆ ಗಮನಿಸಿ ತೋರಿಸಿಕೊಟ್ಟ ಅಗ್ಗದ ವಸ್ತು ಇದು. ಆಸ್ಟ್ರೇಲಿಯಾದ ನ್ಯಾಂಬೋರ್ ಊರಿನಲ್ಲಿ ಸುಮಾರು 900 ಮಂದಿಯ ಮೇಲೆ ನಾಲ್ಕೂವರೆ ವರ್ಷ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಬೇಕೆನಿಸಿದಾಗ ಹಚ್ಚಿಕೊಂಡವರಿಗಿಂತ ದಿನವೂ ಹಚ್ಚಿಕೊಂಡವರಲ್ಲಿ ಚರ್ಮದ ಮುಪ್ಪು ಶೇ 24ರಷ್ಟು ಕಡಿಮೆಯಿತ್ತು. ಎಸ್‌ಪಿಎಫ್ 30 ಅಥವಾ ಹೆಚ್ಚು, ಬ್ರಾಡ್ ಸ್ಪೆಕ್ಟ್ರಮ್ ಎಂದು ಬರೆದಿರುವುದನ್ನು ಕೊಳ್ಳಿ. ಎರಡು ಬೆರಳುದ್ದಕ್ಕೆ ಹಿಂಡಿದಷ್ಟು ಮುಖ ಮತ್ತು ಕತ್ತಿಗೆ ಬೇಕು. ಬಿಸಿಲಿನಲ್ಲೇ ಇರುವುದಾದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ರಾತ್ರಿಗೆ ವಿಟಮಿನ್ ಎ ಜಾತಿಯ ಟ್ರೆಟಿನಾಯಿನ್ ಕ್ರೀಮು, ಚರ್ಮವೈದ್ಯರು ಬರೆದುಕೊಟ್ಟರೆ ಮಾತ್ರ. ಬಟಾಣಿ ಕಾಳಿನಷ್ಟು ಇಡೀ ಮುಖಕ್ಕೆ ಸಾಕು. ಮೊದಲ ವಾರಗಳಲ್ಲಿ ಕೆಂಪಾಗುತ್ತದೆ, ಸಿಪ್ಪೆ ಏಳುತ್ತದೆ, ಹೆದರಿ ಬಿಡಬೇಡಿ, ದಿನ ಬಿಟ್ಟು ದಿನ ಹಚ್ಚಿ. ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು. ಬಸುರಿಯರು ಬಳಸಬಾರದು. ಒಂದು ಎಚ್ಚರಿಕೆ: ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ‘ಬೆಳ್ಳಗಾಗುವ ಕ್ರೀಮು’ ಎಂದು ಕೊಡುವ ಕೆಲವು ಟ್ಯೂಬುಗಳಲ್ಲಿ ಟ್ರೆಟಿನಾಯಿನ್ ಜೊತೆ ಸ್ಟೀರಾಯ್ಡ್ ಬೆರೆತಿರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಇನ್ನಷ್ಟು ತೆಳುವಾಗಿ ರಕ್ತನಾಳದ ಗೆರೆಗಳು ಕಾಣತೊಡಗುತ್ತವೆ.

ಇಪ್ಪತ್ತೈದರ ಹರೆಯದವರಿಗೆ ‘ಮುನ್ನೆಚ್ಚರಿಕೆ ಬೊಟಾಕ್ಸ್’ ಎಂದು ಮಾರುವುದನ್ನು ನೋಡುತ್ತಿದ್ದೇವೆ. ಸುಮ್ಮನಿದ್ದಾಗ ಒಂದು ಗೆರೆಯೂ ಕಾಣದ ಮುಖಕ್ಕೆ ಅದರ ಅಗತ್ಯ ನನಗಂತೂ ಕಾಣುವುದಿಲ್ಲ. ಆ ದುಡ್ಡಿಗೆ ಹತ್ತು ವರ್ಷದ ಸನ್‌ಸ್ಕ್ರೀನ್ ಬರುತ್ತದೆ.

ಹಂತ 3: ಬೊಟಾಕ್ಸ್ ಏನು ಮಾಡುತ್ತದೆ ಎಂದು ತಿಳಿದುಕೊಳ್ಳಿ

ಕೆಟ್ಟ ಮಾಂಸ, ಸರಿಯಾಗಿ ಡಬ್ಬಿಗೆ ತುಂಬದ ಆಹಾರದಲ್ಲಿ ಬೆಳೆಯುವ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಮ್ ಎಂಬ ಬ್ಯಾಕ್ಟೀರಿಯಾದ ವಿಷವೇ ಬೊಟಾಕ್ಸ್‌ನ ಮೂಲ. ಬೆಲ್ಜಿಯಂನಲ್ಲಿ ಉಪ್ಪು ಹಾಕಿಟ್ಟ ಹಂದಿಮಾಂಸ ತಿಂದು ಜನ ಸತ್ತಾಗ ಎಮಿಲ್ ವ್ಯಾನ್ ಎರ್ಮೆಂಗೆಮ್ ಈ ಬ್ಯಾಕ್ಟೀರಿಯಾವನ್ನು ಪತ್ತೆಹಚ್ಚಿದ್ದು 1895ರಲ್ಲಿ. ಅದನ್ನೇ ಅತಿ ಸಣ್ಣ ಪ್ರಮಾಣದಲ್ಲಿ ಮದ್ದಾಗಿಸಿದ್ದು ಸ್ಯಾನ್ ಫ್ರಾನ್ಸಿಸ್ಕೊದ ಕಣ್ಣಿನ ವೈದ್ಯ ಅಲನ್ ಸ್ಕಾಟ್, ಮೆಳ್ಳೆಗಣ್ಣನ್ನು ಸರಿಪಡಿಸಲು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1989ರಲ್ಲಿ ಒಪ್ಪಿಗೆ ಕೊಟ್ಟದ್ದೂ ಕಣ್ಣಿನ ತೊಂದರೆಗಳಿಗೇ. ಸುಕ್ಕಿನ ಕಥೆ ಶುರುವಾದದ್ದು 1987ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ. ರೆಪ್ಪೆ ತಾನಾಗಿ ಬಿಗಿದುಕೊಳ್ಳುವ ತೊಂದರೆಗೆ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದ ಹೆಂಗಸೊಬ್ಬರು, ಈ ಸಲ ಹುಬ್ಬಿನ ನಡುವೆ ಯಾಕೆ ಚುಚ್ಚಲಿಲ್ಲ ಎಂದು ಡಾ. ಜೀನ್ ಕರುದರ್ಸ್ ಅವರಲ್ಲಿ ತಕರಾರು ತೆಗೆದರು. ಅಲ್ಲಿ ಚುಚ್ಚಿದಾಗಲೆಲ್ಲ ಮುಖ ಚಿಂತೆಯಿಲ್ಲದಂತೆ ಕಾಣುತ್ತಿತ್ತಂತೆ. ಜೀನ್ ಇದನ್ನು ಚರ್ಮವೈದ್ಯರಾದ ಗಂಡ ಅಲಸ್ಟೇರ್‌ಗೆ ಹೇಳಿದರು. ಇಬ್ಬರೂ ಸೇರಿ 1992ರಲ್ಲಿ ಪ್ರಬಂಧ ಪ್ರಕಟಿಸಿದರು. ಹುಬ್ಬಿನ ನಡುವಿನ ಗೆರೆಗೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ, ಕಣ್ಣಿನ ಮೂಲೆಯ ಗೆರೆಗೆ 2013ರಲ್ಲಿ, ಹಣೆಗೆ 2017ರಲ್ಲಿ.

ಇದು ಕೆಲಸ ಮಾಡುವ ಬಗೆ ಸರಳ. ನರ ಸ್ನಾಯುವಿಗೆ ‘ಬಿಗಿಯಾಗು’ ಎಂದು ಹೇಳಲು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬಿಡುತ್ತದೆ. ಬೊಟಾಕ್ಸ್ ಅದನ್ನು ಬಿಡಲು ಕೊಡುವುದಿಲ್ಲ. ಸ್ನಾಯು ಸಡಿಲವಾಗುತ್ತದೆ, ಚರ್ಮ ಮಡಿಚುವುದು ನಿಲ್ಲುತ್ತದೆ. ಚುಚ್ಚಿದ ದಿನ ಏನೂ ಗೊತ್ತಾಗುವುದಿಲ್ಲ. ಮೂರ್ನಾಲ್ಕು ದಿನಕ್ಕೆ ಶುರುವಾಗಿ ಎರಡು ವಾರಕ್ಕೆ ಪೂರ್ತಿ ಪರಿಣಾಮ ಕಾಣುತ್ತದೆ. ಮೂರರಿಂದ ನಾಲ್ಕು ತಿಂಗಳಲ್ಲಿ ನರ ಮತ್ತೆ ಚುರುಕಾಗಿ ಗೆರೆ ವಾಪಸ್ ಬರುತ್ತದೆ. ಸುಮ್ಮನಿದ್ದಾಗಲೂ ಉಳಿಯುವಷ್ಟು ಆಳವಾದ ಗೆರೆ ಒಂದೇ ಸಲಕ್ಕೆ ಅಳಿಸಿಹೋಗುವುದಿಲ್ಲ, ಮಸುಕಾಗುತ್ತದೆ ಅಷ್ಟೆ.

ಲೆಕ್ಕ ಗೊತ್ತಿರಲಿ. ಬೊಟಾಕ್ಸ್ ಯೂನಿಟ್‌ನಲ್ಲಿ ಅಳೆಯುವ ಮದ್ದು. ಹುಬ್ಬಿನ ನಡುವೆ ಐದು ಜಾಗದಲ್ಲಿ ನಾಲ್ಕು ನಾಲ್ಕರಂತೆ 20 ಯೂನಿಟ್, ಎರಡೂ ಕಣ್ಣಿನ ಮೂಲೆಗೆ ಸೇರಿ 24, ಹಣೆಗೆ 20. ಇದು ಕಂಪನಿಯ ಲೇಬಲ್ ಹೇಳುವ ಪ್ರಮಾಣ, ಡಾಕ್ಟರ್ ನಿಮ್ಮ ಸ್ನಾಯು ನೋಡಿ ಹೆಚ್ಚುಕಡಿಮೆ ಮಾಡಬಹುದು. ಬೇರೆ ಕಂಪನಿಯ ಮದ್ದಿನ ಯೂನಿಟ್ ಬೇರೆ. ಡಿಸ್‌ಪೋರ್ಟ್‌ನ 50 ಯೂನಿಟ್ ಎಂದರೆ ಬೊಟಾಕ್ಸ್‌ನ 50 ಅಲ್ಲ. ‘ಯಾವ ಬ್ರಾಂಡ್, ಎಷ್ಟು ಯೂನಿಟ್, ಯೂನಿಟ್‌ಗೆ ಎಷ್ಟು’ ಎಂಬ ಮೂರೂ ಗೊತ್ತಾಗದೆ ‘ಇಡೀ ಮುಖಕ್ಕೆ ಇಷ್ಟು’ ಎಂಬ ಪ್ಯಾಕೇಜ್‌ಗೆ ಒಪ್ಪಬೇಡಿ. ಜೊತೆಗೆ ವರ್ಷಕ್ಕೆ ಮೂರು ಸಲ ಎಂದು ಗುಣಿಸಿ. ಕೇವಲ ಅಂದಕ್ಕಾಗಿ ಮಾಡಿಸುವ ಚಿಕಿತ್ಸೆಗೆ ಆಸ್ಪತ್ರೆ ಸೇವೆಗಿರುವ ಜಿಎಸ್‌ಟಿ ವಿನಾಯಿತಿ ಇಲ್ಲ, ಶೇ 18 ಸೇರುತ್ತದೆ. ಹೆಲ್ತ್ ಇನ್ಶೂರೆನ್ಸ್‌ನಲ್ಲೂ ದುಡ್ಡು ಬರುವುದಿಲ್ಲ.

ಹಂತ 4: ಫಿಲ್ಲರ್ ಬೇರೆ, ಅದರ ಅಪಾಯವೂ ಬೇರೆ

ಫಿಲ್ಲರ್ ಸ್ನಾಯುವನ್ನು ಮುಟ್ಟುವುದಿಲ್ಲ. ಕುಗ್ಗಿದ ಜಾಗಕ್ಕೆ ಜೆಲ್ ತುಂಬುತ್ತದೆ. ಹೆಚ್ಚಾಗಿ ಬಳಸುವುದು ಹೈಲುರಾನಿಕ್ ಆಸಿಡ್ ಜೆಲ್. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಹಸುವಿನ ಕಣ್ಣಿನಿಂದ ಮೊದಲು ಬೇರ್ಪಡಿಸಿದ ಈ ವಸ್ತುವನ್ನು ಈಗ ಫಿಲ್ಲರ್‌ಗಾಗಿ ಬ್ಯಾಕ್ಟೀರಿಯಾ ಹುದುಗಿಸಿ ತಯಾರಿಸುತ್ತಾರೆ. ಸಸ್ಯಾಹಾರಿಗಳು ಕೇಳುವ ಪ್ರಶ್ನೆಯಾದ್ದರಿಂದ ಹೇಳಿದೆ. ಬೊಟಾಕ್ಸ್‌ನಲ್ಲಿ ಮಾತ್ರ ಮನುಷ್ಯರ ರಕ್ತದಿಂದ ತೆಗೆದ ಅಲ್ಬುಮಿನ್ ಇರುತ್ತದೆ.

ಜೆಲ್ ಹಾಕಿದ ದಿನವೇ ವ್ಯತ್ಯಾಸ ಕಾಣುತ್ತದೆ, ಜಾಗ ಮತ್ತು ಜೆಲ್ ನೋಡಿಕೊಂಡು ಆರರಿಂದ ಹದಿನೆಂಟು ತಿಂಗಳು ನಿಲ್ಲುತ್ತದೆ. ಇದರ ದೊಡ್ಡ ಅನುಕೂಲವೆಂದರೆ ಹೈಲುರಾನಿಡೇಸ್ ಎಂಬ ಇನ್ನೊಂದು ಇಂಜೆಕ್ಷನ್ ಕೊಟ್ಟು ಕರಗಿಸಬಹುದು. ಕ್ಯಾಲ್ಸಿಯಂ ಹೈಡ್ರಾಕ್ಸಿಲಪಟೈಟ್, ಪಾಲಿಲ್ಯಾಕ್ಟಿಕ್ ಆಸಿಡ್‌ನಂಥ ಬೇರೆ ಫಿಲ್ಲರ್‌ಗಳನ್ನು ಹಾಗೆ ಕರಗಿಸಲು ಬರುವುದಿಲ್ಲ. ಮೊದಲ ಸಲ ಮಾಡಿಸುವವರು ಕರಗಿಸಬಹುದಾದದ್ದನ್ನೇ ಕೇಳಿ.

ಅಪಾಯದ ವಿಷಯಕ್ಕೆ ಬಂದರೆ, ಬೊಟಾಕ್ಸ್ ತಪ್ಪಾದರೆ ತಿಂಗಳುಗಳಲ್ಲಿ ತಾನೇ ಇಳಿಯುತ್ತದೆ. ಫಿಲ್ಲರ್ ತಪ್ಪಾಗಿ ರಕ್ತನಾಳದೊಳಗೆ ಹೋದರೆ ಆ ಭಾಗಕ್ಕೆ ರಕ್ತ ನಿಂತು ಚರ್ಮ ಸಾಯಬಹುದು, ಕಣ್ಣಿನ ನಾಳಕ್ಕೆ ಸೇರಿದರೆ ದೃಷ್ಟಿಯೇ ಹೋಗಬಹುದು. ಅಪರೂಪ ನಿಜ, ಆದರೆ ಹುಬ್ಬಿನ ನಡುವೆ ಮತ್ತು ಮೂಗಿನ ಮೇಲೆ ಈ ಅಪಾಯ ಹೆಚ್ಚು, ಯಾಕೆಂದರೆ ಅಲ್ಲಿನ ನಾಳಗಳಿಗೂ ಕಣ್ಣಿನ ನಾಳಗಳಿಗೂ ನೇರ ಸಂಪರ್ಕವಿದೆ. ಆದ್ದರಿಂದ ಕ್ಲಿನಿಕ್‌ನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ‘ಹೈಲುರಾನಿಡೇಸ್ ಇಲ್ಲೇ, ಈ ಕೋಣೆಯಲ್ಲೇ ಇದೆಯೇ?’ ತರಿಸಿಕೊಳ್ಳುತ್ತೇವೆ ಎಂದರೆ ಎದ್ದು ಬನ್ನಿ.

ಸೂಜಿಯಿಲ್ಲದೆ ಒತ್ತಡದಿಂದ ಜೆಲ್ ನುಗ್ಗಿಸುವ ‘ಹೈಲುರಾನ್ ಪೆನ್’ ಆನ್‌ಲೈನ್‌ನಲ್ಲಿ ಸಿಗುತ್ತದೆ. ಬಳಸಬೇಡಿ ಎಂದು ಎಫ್‌ಡಿಎ 2021ರಲ್ಲೇ ಎಚ್ಚರಿಸಿದೆ. ಚರ್ಮ ಬಿಳಿಯಾಗಿಸುವ ಇಂಜೆಕ್ಷನ್‌ಗಳಿಗಂತೂ ಅದು ಒಪ್ಪಿಗೆಯನ್ನೇ ಕೊಟ್ಟಿಲ್ಲ.

ಹಂತ 5: ಕೈ ಯಾರದು?

ಬ್ರಾಂಡ್‌ಗಿಂತ ಮುಖ್ಯ ಇದು. ಬೊಟಾಕ್ಸ್ ನಮ್ಮ ದೇಶದಲ್ಲಿ ಡಾಕ್ಟರ್ ಚೀಟಿ ಬೇಕಾದ ಔಷಧ. ಬ್ಯೂಟಿ ಪಾರ್ಲರ್, ಸ್ಪಾ, ಸಲೂನ್‌ನಲ್ಲಿ ಚುಚ್ಚುವ ವಸ್ತುವಲ್ಲ. ಚರ್ಮವೈದ್ಯದಲ್ಲಿ ಎಂಡಿ ಅಥವಾ ಡಿಎನ್‌ಬಿ, ಇಲ್ಲವೇ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಮಾಡಿದವರನ್ನು ಹುಡುಕಿ. ಹೆಸರಿನ ಹಿಂದೆ ‘ಡಾ.’, ಮುಂದೆ ‘ಕಾಸ್ಮೆಟಾಲಜಿಸ್ಟ್’ ಎಂದಿದ್ದ ಮಾತ್ರಕ್ಕೆ ಚರ್ಮವೈದ್ಯರಾಗುವುದಿಲ್ಲ. ಕರ್ನಾಟಕದಲ್ಲಾದರೆ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಕೇಳಿ. ಖಾಸಗಿ ಕ್ಲಿನಿಕ್‌ಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿ ಮಾಡಿಸಿರಲೇಬೇಕು, ಪ್ರಮಾಣಪತ್ರ ಕಾಣುವಂತೆ ತೂಗುಹಾಕಿದ್ದಾರೆಯೇ ನೋಡಿ. ಮಾತಾಡಿದ್ದು ಒಬ್ಬರು, ಚುಚ್ಚುವುದು ಇನ್ನೊಬ್ಬರು ಎಂಬ ಏರ್ಪಾಡಿದ್ದರೆ ಚುಚ್ಚುವವರ ಓದನ್ನೇ ಕೇಳಿ.

ಒಳ್ಳೆಯ ಡಾಕ್ಟರ್ ನಿಮ್ಮ ಕಾಯಿಲೆ, ಮಾತ್ರೆಗಳ ಪಟ್ಟಿ ಕೇಳುತ್ತಾರೆ. ಕೇಳದಿದ್ದರೂ ಹೇಳಿ. ಬಸಿರು, ಮೊಲೆಯುಣಿಸುವ ಅವಧಿಯಲ್ಲಿ ಬೊಟಾಕ್ಸೂ ಬೇಡ, ಫಿಲ್ಲರೂ ಬೇಡ. ಮಯಸ್ತೇನಿಯಾದಂಥ ನರ-ಸ್ನಾಯು ಕಾಯಿಲೆ ಇರುವವರಿಗೆ ಬೊಟಾಕ್ಸ್ ಅಪಾಯ. ಜೆಂಟಾಮೈಸಿನ್ ಜಾತಿಯ ಆಂಟಿಬಯಾಟಿಕ್ ನಡೆಯುತ್ತಿದ್ದರೆ ತಿಳಿಸಿ. ಹಸುವಿನ ಹಾಲಿನ ಪ್ರೋಟೀನ್ ಅಲರ್ಜಿ ಇದ್ದವರಿಗೆ ಡಿಸ್‌ಪೋರ್ಟ್ ಆಗದು. ತುಟಿಯ ಸುತ್ತ ಹರ್ಪಿಸ್ ಗುಳ್ಳೆ ಬರುವವರು ಫಿಲ್ಲರ್‌ಗೆ ಮುಂಚೆ ಹೇಳಬೇಕು. ರಕ್ತ ತೆಳುವಾಗಿಸುವ ಮಾತ್ರೆಯಿಂದ ಕಂದು ಗಾಯ (ಚರ್ಮದಡಿ ರಕ್ತ ಸೇರಿ ಮೂಡುವ ಕಲೆ) ಹೆಚ್ಚುತ್ತದೆ, ಆದರೆ ಹೃದಯಕ್ಕೆ ಕೊಟ್ಟ ಆಸ್ಪಿರಿನ್ನನ್ನು ಅಂದಕ್ಕಾಗಿ ನೀವೇ ನಿಲ್ಲಿಸುವುದು ಮೂರ್ಖತನ.

ರೆಪ್ಪೆ ಸ್ವಲ್ಪ ಇಳಿದಿರುವ ಅರವತ್ತರವರು ಹಣೆಗೆ ಬೊಟಾಕ್ಸ್ ಕೇಳುವ ಮುನ್ನ ಯೋಚಿಸಲಿ. ಹಣೆಯ ಸ್ನಾಯುವೇ ಅವರ ಹುಬ್ಬನ್ನು ಮೇಲೆತ್ತಿ ಹಿಡಿದಿರುತ್ತದೆ. ಅದನ್ನು ಸಡಿಲಿಸಿದರೆ ಗೆರೆ ಹೋಗಿ ಕಣ್ಣ ಮೇಲೆ ಭಾರ ಬಂದು ಕೂರುತ್ತದೆ.

ಸಮಯದ ಲೆಕ್ಕ: ಮದುವೆ, ಗೃಹಪ್ರವೇಶಕ್ಕೆ ನಾಲ್ಕು ವಾರ ಮೊದಲೇ ಮುಗಿಸಿ. ವಿದೇಶದಿಂದ ಮೂರು ವಾರದ ರಜೆಗೆ ಬೆಂಗಳೂರಿಗೆ ಬಂದವರು ಹೊರಡುವ ಮುನ್ನಾದಿನ ಹಾಕಿಸಿಕೊಳ್ಳುವುದುಂಟು. ಎರಡು ವಾರಕ್ಕೆ ಒಂದು ಹುಬ್ಬು ಮೇಲೆದ್ದರೆ ಸರಿಮಾಡುವವರು ಹತ್ತು ಸಾವಿರ ಕಿಲೊಮೀಟರ್ ಆಚೆ ಇರುತ್ತಾರೆ. ಬಂದ ವಾರವೇ ಹೋಗಿ.

ಹಂತ 6: ಆ ದಿನ

ಮದ್ದಿನ ಡಬ್ಬಿಯನ್ನು ನಿಮ್ಮ ಎದುರೇ ತೆರೆಯಲಿ. ಬೊಟಾಕ್ಸ್ ವಯಲ್‌ನ (ಮದ್ದಿನ ಪುಟ್ಟ ಸೀಸೆಯ) ತಳದಲ್ಲಿ ಕಂಡೂ ಕಾಣದಷ್ಟು ಬಿಳಿ ಪುಡಿ ಅಂಟಿರುತ್ತದೆ. 100 ಯೂನಿಟ್‌ನ ವಯಲ್‌ನಲ್ಲಿ ವಿಷದ ಅಂಶ ಸುಮಾರು 5 ನ್ಯಾನೊಗ್ರಾಂ, ನ್ಯಾನೊಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಭಾಗ. ಸಲೈನ್ ತುಂಬಿದ ಸೂಜಿಯನ್ನು ರಬ್ಬರ್ ಮುಚ್ಚಳಕ್ಕೆ ಚುಚ್ಚಿದ ಕೂಡಲೆ ಒಳಗಿನ ನಿರ್ವಾತ ಸಲೈನನ್ನು ತಾನೇ ಎಳೆದುಕೊಳ್ಳಬೇಕು. ಎಳೆಯದಿದ್ದರೆ ಆ ವಯಲ್ ಬಳಸುವಂತಿಲ್ಲ, ಲೇಬಲ್ಲೇ ಹಾಗೆ ಹೇಳುತ್ತದೆ. 100 ಯೂನಿಟ್‌ಗೆ ಎರಡೂವರೆ ಎಂಎಲ್ ಸಲೈನ್ ಸೇರಿಸಿದರೆ 0.1 ಎಂಎಲ್‌ಗೆ 4 ಯೂನಿಟ್. ಬೆರೆಸಿದ್ದನ್ನು 24 ಗಂಟೆಯೊಳಗೆ ಬಳಸಬೇಕೆಂದು ಲೇಬಲ್ ಹೇಳುತ್ತದೆ, ಆದ್ದರಿಂದ ಯಾವಾಗ ಬೆರೆಸಿದ್ದು ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಮುಖ ತೊಳೆಸಿ, ‘ಹುಬ್ಬು ಗಂಟಿಕ್ಕಿ’, ‘ಮೇಲೇರಿಸಿ’ ಎಂದು ಹೇಳುತ್ತ ಪೆನ್ಸಿಲ್‌ನಲ್ಲಿ ಚುಕ್ಕಿ ಇಡುತ್ತಾರೆ. ಮೊದಲು ಮತ್ತು ಆಮೇಲಿನ ಫೋಟೊ ತೆಗೆಯುತ್ತಾರೆ, ನಿಮಗೂ ಒಂದು ಪ್ರತಿ ಇರಲಿ. ಚುಚ್ಚುವುದು ಹತ್ತು ನಿಮಿಷದ ಕೆಲಸ. ಸೊಳ್ಳೆ ಕಚ್ಚಿದಷ್ಟು ಗುಳ್ಳೆ ಏಳುತ್ತದೆ, ಅರ್ಧ ಗಂಟೆಯಲ್ಲಿ ಇಳಿಯುತ್ತದೆ.

ಬೊಟಾಕ್ಸ್ ಆದ ಮೇಲೆ ನಾಲ್ಕು ಗಂಟೆ ಮಲಗಬೇಡಿ, ಚುಚ್ಚಿದ ಜಾಗ ಉಜ್ಜಬೇಡಿ. ನಮ್ಮ ಕಡೆಯವರಿಗೆ ಇದರ ಅರ್ಥ: ಅವತ್ತು ಹುಬ್ಬಿನ ನಡುವೆ ಕುಂಕುಮ ಒತ್ತಿ ಇಡಬೇಡಿ, ಹಣೆಗೆ ಬಿಗಿಯುವ ಹೆಲ್ಮೆಟ್ ಹಾಕಿಕೊಂಡು ಸ್ಕೂಟರ್‌ನಲ್ಲಿ ಮನೆಗೆ ಹೋಗುವ ಬದಲು ಆಟೊ ಹಿಡಿಯಿರಿ, ಮರುದಿನದ ಸರ್ವಾಂಗಾಸನ, ಜಿಮ್ ಬಿಡಿ. ಎಣ್ಣೆಸ್ನಾನ, ಫೇಶಿಯಲ್ ಎರಡು ವಾರ ಮುಂದೂಡಿ. ಫಿಲ್ಲರ್ ಆಗಿದ್ದರೆ ಹಲ್ಲಿನ ಚಿಕಿತ್ಸೆಯನ್ನೂ ಎರಡು ವಾರ ಮುಂದಕ್ಕೆ ಹಾಕಿ.

ಹಂತ 7: ಏನಾದರೆ ಓಡಬೇಕು

ತಲೆನೋವು, ಸಣ್ಣ ಕಂದು ಗಾಯ, ಊತ ಸಾಮಾನ್ಯ. ಬೊಟಾಕ್ಸ್ ಆದ ಒಂದು ವಾರದಲ್ಲಿ ಒಂದು ಕಣ್ಣಿನ ರೆಪ್ಪೆ ಇಳಿದರೆ ಮದ್ದು ಪಕ್ಕದ ಸ್ನಾಯುವಿಗೆ ಹರಡಿದೆ ಎಂದರ್ಥ. ವಾರಗಳಲ್ಲಿ ಸರಿಹೋಗುತ್ತದೆ, ಅಲ್ಲಿಯತನಕ ರೆಪ್ಪೆಯನ್ನು ಸ್ವಲ್ಪ ಎತ್ತುವ ಕಣ್ಣಿನ ಹನಿಮದ್ದನ್ನು ಡಾಕ್ಟರ್ ಕೊಡಬಹುದು. ನುಂಗಲು, ಮಾತಾಡಲು, ಉಸಿರಾಡಲು ಕಷ್ಟವಾದರೆ ಮಾತ್ರ ಕ್ಲಿನಿಕ್‌ಗೆ ಫೋನ್ ಮಾಡುತ್ತ ಕೂರದೆ ನೇರ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಇಂಥ ಪ್ರಕರಣಗಳು 2024ರಲ್ಲಿ ಅಮೆರಿಕದಲ್ಲಿ ನಕಲಿ ಬೊಟಾಕ್ಸ್‌ನಿಂದ ಆದವು.

ಫಿಲ್ಲರ್ ಆದ ಮೇಲೆ ಚರ್ಮ ಬಿಳಿಚಿದರೆ, ನೇರಳೆ ಬಲೆಯಂಥ ಗುರುತು ಮೂಡಿದರೆ, ಚುಚ್ಚಿದ ನೋವಿಗೆ ಮೀರಿದ ನೋವು ಹೆಚ್ಚುತ್ತ ಹೋದರೆ ರಾತ್ರಿಯಾದರೂ ಡಾಕ್ಟರನ್ನು ಎಬ್ಬಿಸಿ. ಬೆಳಿಗ್ಗೆ ನೋಡೋಣ ಎನ್ನುವಂತಿಲ್ಲ. ದೃಷ್ಟಿ ಮಂಜಾದರೆ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಎಲ್ಲ ಸರಿಯಿದ್ದರೂ ಎರಡು ವಾರಕ್ಕೆ ತೋರಿಸಿಕೊಳ್ಳಲು ಹೋಗಿ. ಯಾವ ಬ್ರಾಂಡ್, ಬ್ಯಾಚ್ ನಂಬರ್, ಎಲ್ಲಿ ಎಷ್ಟು ಯೂನಿಟ್, ತಾರೀಕು, ಇಷ್ಟನ್ನು ಬರೆಸಿಕೊಂಡು ಇಟ್ಟುಕೊಳ್ಳಿ, ಊರು ಬದಲಾದರೆ, ಡಾಕ್ಟರ್ ಬದಲಾದರೆ ಬೇಕಾಗುತ್ತದೆ. ‘ಒಮ್ಮೆ ಹಾಕಿಸಿಕೊಂಡರೆ ಬಿಡುವಂತಿಲ್ಲ, ಬಿಟ್ಟರೆ ಸುಕ್ಕು ದುಪ್ಪಟ್ಟು’ ಎಂಬ ಮಾತು ಸುಳ್ಳು. ಬಿಟ್ಟರೆ ಸ್ನಾಯು ಮೊದಲಿನಂತೆ ಆಡುತ್ತದೆ, ಮುಖ ತನ್ನ ಪಾಡಿಗೆ ವಯಸ್ಸಾಗುತ್ತದೆ. ಮುಂದುವರಿಸುವುದಾದರೆ ಎರಡು ಸಲದ ನಡುವೆ ಮೂರು ತಿಂಗಳಾದರೂ ಇರಲಿ. ಪದೇ ಪದೇ ಚುಚ್ಚಿಸಿಕೊಂಡರೆ ದೇಹ ಪ್ರತಿಕಾಯ ಬೆಳೆಸಿಕೊಂಡು ಮದ್ದು ಹತ್ತದೇ ಹೋಗುವ ಸಂಭವ ಹೆಚ್ಚುತ್ತದೆ. ಆರನೇ ವಾರಕ್ಕೇ ‘ಮೇಡಂ, ಹಬ್ಬದ ಆಫರ್ ನಾಳೆ ಮುಗಿಯುತ್ತೆ’ ಎಂದು ಫೋನ್ ಬಂದರೆ ಕಟ್ ಮಾಡಿ.